ಐಸ್ ಪೆಟ್ಟಿಗೆಯಲ್ಲಿ ಕಳೆದುಹೋದ ಹತ್ತೊಂಬತ್ತು ಗಂಟೆ

ಚಿಪ್ಪಿನ ಮೆಮೊರಿಯಲ್ಲಿ ಒಂದು ಸಲಕ್ಕೆ ಮೂವತ್ತೆರಡು ಕೋಶಗಳಿಗೆ ಬರೆಯಬೇಕೋ ಎಂಟಕ್ಕೋ ಎಂಬ ವಿಷಯಕ್ಕೆ ನಮ್ಮ ತಂಡದಲ್ಲಿ ಮೂರು ವಾರ ವಾದ ನಡೆದಿತ್ತು. ಗೆದ್ದವಳು ನಾನು. ಹಾಗೆ ಗೆದ್ದದ್ದರಿಂದ ಸುರಪುರ ತಾಲ್ಲೂಕಿನ ಒಬ್ಬ ನರ್ಸಿನ ಮೇಲೆ ಏನು ಬಂತು, ಅದನ್ನು ಸರಿಪಡಿಸಲು ನಾನು ಎಷ್ಟು ತಡಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೈದರಾಬಾದಿನಲ್ಲಿ ಚಿಪ್ ವಿನ್ಯಾಸ ಮಾಡುವ ಚಿಕ್ಕ ಕಂಪನಿ. ಲಸಿಕೆ ಇಡುವ ಫ್ರಿಜ್ಜಿನೊಳಗಿನ ಉಷ್ಣತೆಯನ್ನು ಹತ್ತು ನಿಮಿಷಕ್ಕೊಮ್ಮೆ ಅಳೆದು, ಆ ಅಳತೆಗಳನ್ನು ಗಂಟೆಗೊಮ್ಮೆ ಒಟ್ಟಿಗೆ ಬರೆದಿಡುವ, ಬೆಂಕಿಪೊಟ್ಟಣದಷ್ಟಿರುವ ಒಂದು ಯಂತ್ರವನ್ನು ಬೇರೊಂದು ಕಂಪನಿ ತಯಾರಿಸುತ್ತಿತ್ತು. ಅದರೊಳಗಿನ ಚಿಪ್ ನಮ್ಮದು. ಚಿಪ್ಪಿನೊಳಗಿನ ಫ್ಲ್ಯಾಶ್ ಮೆಮೊರಿ, ಅಂದರೆ ಬ್ಯಾಟರಿ ತೆಗೆದರೂ ಬರೆದದ್ದನ್ನು ಮರೆಯದ ಭಾಗ, ನನ್ನ ಪಾಲಿನದು.

ಆ ಮೆಮೊರಿಯಲ್ಲಿ ಬರೆಯುವುದೆಂದರೆ ಒಂದೊಂದು ಕೋಶದೊಳಕ್ಕೂ ಒಂದಿಷ್ಟು ಎಲೆಕ್ಟ್ರಾನುಗಳನ್ನು ತೆಳುವಾದ ಗೋಡೆ ದಾಟಿಸಿ ಕೂಡಿಹಾಕುವುದು. ಅವು ತಾವಾಗಿ ದಾಟುವುದಿಲ್ಲ. ಹತ್ತು ವೋಲ್ಟಿನಷ್ಟು ಒತ್ತಡ ಬೇಕು. ಯಂತ್ರದಲ್ಲಿರುವುದು ನಾಣ್ಯದ ಆಕಾರದ ಸಣ್ಣ ಬ್ಯಾಟರಿ, ಅದು ಕೊಡುವುದು ಮೂರೇ ವೋಲ್ಟ್. ಮೂರನ್ನು ಹತ್ತಕ್ಕೆ ಏರಿಸುವ ಸರ್ಕಿಟ್ಟಿಗೆ ಚಾರ್ಜ್ ಪಂಪ್ ಎನ್ನುತ್ತಾರೆ. ಪಂಪು ಓಡುತ್ತಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಆದ್ದರಿಂದ ಬೇಗ ಬರೆದು ಬೇಗ ಪಂಪು ನಿಲ್ಲಿಸಬೇಕು ಎಂಬುದು ನನ್ನ ವಾದ. ಮೂವತ್ತೆರಡು ಕೋಶಗಳಿಗೆ ಒಟ್ಟಿಗೆ ಬರೆದರೆ ಕೆಲಸ ಕಾಲು ಭಾಗ ಸಮಯದಲ್ಲಿ ಮುಗಿಯುತ್ತಿತ್ತು, ಒಟ್ಟು ವಿದ್ಯುತ್ತೂ ಕಡಿಮೆ ಸಾಕಾಗುತ್ತಿತ್ತು.

ತಂಡದ ಹಿರಿಯ ಎಂಜಿನಿಯರ್ ಒಪ್ಪಿರಲಿಲ್ಲ. ಒಟ್ಟು ಎಷ್ಟು ಎಂಬುದನ್ನು ಬಿಡು, ಒಂದು ಕ್ಷಣಕ್ಕೆ ಎಷ್ಟು ಎಳೆಯುತ್ತಿದ್ದೀಯ ನೋಡು, ಇಷ್ಟು ಸಣ್ಣ ಬ್ಯಾಟರಿ ಒಂದೇ ಸಲಕ್ಕೆ ಅಷ್ಟನ್ನು ಕೊಡಲಾರದು ಎಂದು ಅವರು ಹೇಳುತ್ತಲೇ ಇದ್ದರು. ನಾನು ಅಳತೆಗಳನ್ನು ಮುಂದಿಟ್ಟೆ. ಮೇಜಿನ ಮೇಲೆ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಯಂತ್ರದ ಕಂಪನಿಯವರಿಗೂ ವೇಗವೇ ಬೇಕಿತ್ತು. ಬ್ಯಾಟರಿ ಎರಡು ವರ್ಷ ಬಾಳುತ್ತದೆಂದು ಅವರು ಆಗಲೇ ಎಲ್ಲರಿಗೂ ಹೇಳಿಯಾಗಿತ್ತು. ಚಿಪ್ಪಿನ ಜೊತೆ ಹೋಗುವ ಮಾಹಿತಿ ಹಾಳೆಯನ್ನು ನಾನೇ ಬರೆದು ಸಹಿ ಹಾಕಿದೆ. ಅದರಲ್ಲಿ ಸರಾಸರಿ ಕರೆಂಟನ್ನಷ್ಟೇ ಕೊಟ್ಟೆ. ಬರೆಯುವ ಕ್ಷಣದ ಗರಿಷ್ಠ ಎಷ್ಟೆಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಲಿಲ್ಲ.

ಪರೀಕ್ಷೆಗೆ ಯಾದಗಿರಿ ಜಿಲ್ಲೆಯನ್ನು ಆರಿಸಿದ್ದು ಅಲ್ಲಿನ ಬಿಸಿಲಿಗಾಗಿ. ಬಿಸಿ ಹೆಚ್ಚಾದರೆ ಕೂಡಿಹಾಕಿದ ಎಲೆಕ್ಟ್ರಾನುಗಳು ನಿಧಾನವಾಗಿ ಸೋರಿಹೋಗುತ್ತವೆ. ನಮಗೆಲ್ಲ ಅದರದೇ ಭಯ. ಚಿಪ್ಪುಗಳನ್ನು ವಾರಗಟ್ಟಲೆ ಓವನ್ನಿನಲ್ಲಿಟ್ಟು ಕಾಯಿಸಿ ನೋಡಿದ್ದೆ. ತಣ್ಣಗೆ ಮಾಡಿಯೂ ನೋಡಿದ್ದೆವು, ಆದರೆ ಆಗ ಕರೆಂಟು ಕೊಟ್ಟದ್ದು ಪ್ರಯೋಗಾಲಯದ ಪವರ್ ಸಪ್ಲೈ, ಬ್ಯಾಟರಿಯಲ್ಲ. ಪವರ್ ಸಪ್ಲೈಗೆ ದಣಿವೆಂಬುದಿಲ್ಲ.

ಶಹಾಪುರ ನನ್ನ ತಾಯಿಯ ತವರು, ಅಲ್ಲಿನ ಮಾತು ನನಗೆ ಬರುತ್ತದೆ. ಹಾಗಾಗಿ ಯಂತ್ರಗಳನ್ನು ಇಟ್ಟುಬರುವ ಕೆಲಸಕ್ಕೆ ಯಂತ್ರದ ಕಂಪನಿಯವರ ಜೊತೆ ನನ್ನನ್ನೂ ಕಳಿಸಿದರು. ಮಾರ್ಚ್ ತಿಂಗಳಲ್ಲಿ ಒಂದು ವಾರ ಆರೋಗ್ಯ ಕೇಂದ್ರಗಳನ್ನು ಸುತ್ತಿದೆವು. ಸುರಪುರದಿಂದ ಕಕ್ಕೇರಾ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಒಂದು ಹಳ್ಳಿ. ಅಲ್ಲಿನ ನರ್ಸಿಗೆ ಐವತ್ತರ ಆಸುಪಾಸು. ಬೇರೆ ಕಡೆಯವರು ನಮ್ಮ ಸೂಚನೆಯ ಕಾಗದವನ್ನು ಮಡಚಿ ಒಳಗಿಟ್ಟರೆ, ಈಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ನನ್ನನ್ನು ಒಂದು ಪ್ರಶ್ನೆ ಕೇಳಿದರು.

"ಕರೆಂಟ ಹೋಗಿ ಸೀಸೆ ಎಲ್ಲಾ ಐಸಿನ ಪೆಟ್ಟಿಗ್ಯಾಗ ಹಾಕಿದ್ರ, ಈ ಮಷಿನ್ ಎಲ್ಲಿರಬೇಕ್ರಿ?"

"ಔಷಧದ ಸಂಗಾಟ ಇರಬೇಕ್ರಿ ಅಕ್ಕಾರ. ಔಷಧ ಎಲ್ಲೋ ಅದೂ ಅಲ್ಲೇ" ಎಂದೆ.

ಅವರು ಅದನ್ನು ಕಾಗದದ ಅಂಚಿನಲ್ಲಿ ಬರೆದುಕೊಂಡರು. ಏನಾದರೂ ಕೇಳಬೇಕಾದರೆ ಇರಲಿ ಎಂದು ನನ್ನ ಫೋನ್ ನಂಬರನ್ನೂ ಬರೆದುಕೊಂಡರು.

ಮೇ ತಿಂಗಳ ಒಂದು ಬೆಳಗ್ಗೆ ಯಂತ್ರದ ಕಂಪನಿಯಿಂದ ನನಗೆ ಒಂದು ಮೇಲ್ ಬಂತು. ಒಂದು ಕೇಂದ್ರದ ದಾಖಲೆಯಲ್ಲಿ ಹತ್ತೊಂಬತ್ತು ಗಂಟೆಗಳ ಖಾಲಿ ಜಾಗವಿದೆ, ಗಡಿಯಾರವೂ ಮೊದಲಿಗೆ ಮರಳಿದೆ, ಇದು ಬ್ಯಾಟರಿ ತೆಗೆದು ಮತ್ತೆ ಹಾಕಿದ ಗುರುತೇ ಎಂದು ಕೇಳಿದ್ದರು. ಕಡತವನ್ನು ತೆರೆದು ನೋಡಿದೆ. ಹತ್ತು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಹೌದು, ಬ್ಯಾಟರಿ ತೆಗೆದರೆ ದಾಖಲೆ ಹೀಗೇ ಕಾಣುತ್ತದೆ ಎಂದು ಒಂದು ಸಾಲಿನ ಉತ್ತರ ಬರೆದು ಬೇರೆ ಕೆಲಸಕ್ಕೆ ಹೋದೆ. ಯಾವ ಕೇಂದ್ರ ಎಂದೂ ನೋಡಲಿಲ್ಲ.

ಹನ್ನೆರಡು ದಿನಗಳ ಮೇಲೆ ಆ ನರ್ಸ್ ಫೋನ್ ಮಾಡಿದರು. ತಾವು ಯಾರು, ಯಾವ ಊರು ಎಂದು ಹೇಳಿದ ಮೇಲೆ ನೇರವಾಗಿ ಕೇಳಿದರು.

"ತಂಗಿ, ನಾ ಬ್ಯಾಟರಿ ತೆಗದೀನಂತ ನೀವ ಬರದು ಕೊಟ್ಟೀರೇನು?"

"ಹಂಗ ಬರದಿಲ್ರಿ ಅಕ್ಕಾರ. ಬ್ಯಾಟರಿ ತೆಗದ್ರ ಹಿಂಗ ಕಾಣತದ ಅಂತ ಬರದೀನಿ."

"ಎರಡಕ್ಕೂ ಏನ್ ಫರಕ ಅದರಿ?" ಎಂದರು.

ಮರುದಿನ ಬೆಳಗಿನ ರೈಲಿಗೆ ಯಾದಗಿರಿಗೆ ಬಂದಿಳಿದು, ಶಹಾಪುರ ದಾಟಿ ಸುರಪುರದಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ.

ನರ್ಸ್ ನನ್ನನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಜಿಲ್ಲೆಯ ಆರೋಗ್ಯ ಕಚೇರಿಯಿಂದ ತಮಗೆ ಬಂದಿದ್ದ ನೋಟಿಸನ್ನು ತಂದು ಮುಂದಿಟ್ಟರು. ನನ್ನ ಒಂದು ಸಾಲು ಅದರಲ್ಲಿ ಕನ್ನಡಕ್ಕೆ ತಿರುಗಿ ಕೂತಿತ್ತು: 'ತಾಂತ್ರಿಕ ತಜ್ಞರ ವರದಿಯಂತೆ ಬ್ಯಾಟರಿಯನ್ನು ತೆಗೆದಿರುವುದು ಕಂಡುಬಂದಿರುತ್ತದೆ.' ನಾನು ಬರೆದದ್ದಕ್ಕೂ ಇದಕ್ಕೂ ಇದ್ದ ವ್ಯತ್ಯಾಸವನ್ನು ಹಿಡಿದು ವಾದಿಸಲು ಆ ಕೋಣೆಯಲ್ಲಿ ಕೂತು ನನಗೆ ಮನಸ್ಸಾಗಲಿಲ್ಲ.

ನಡೆದದ್ದನ್ನು ಅವರು ಕ್ರಮವಾಗಿ ಹೇಳಿದರು. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಗಿತ್ತು. ಫ್ರಿಜ್ಜು ಬೆಚ್ಚಗಾಗುವ ಮೊದಲೇ ಅವರು ಸೀಸೆಗಳನ್ನೆಲ್ಲ ಐಸ್ ಪೆಟ್ಟಿಗೆಗೆ ಹಾಕಿದ್ದರು. ಐಸ್ ಪ್ಯಾಕುಗಳನ್ನು ನಿಯಮದಂತೆ ಹೊರಗಿಟ್ಟು, ಔಷಧ ಹೆಪ್ಪುಗಟ್ಟದಿರಲೆಂದು ಅವುಗಳ ಹೊರಮೈ ಬೆವರಿದ ನಂತರವೇ ಒಳಗಿಟ್ಟಿದ್ದರು. ಮಾರನೆಯ ದಿನ ಲಸಿಕೆಯ ದಿನವಾದ್ದರಿಂದ ಅದೇ ಪೆಟ್ಟಿಗೆ ಹೊತ್ತು ಅಂಗನವಾಡಿಗೆ ಹೋಗಿ ಹನ್ನೊಂದು ಕೂಸುಗಳಿಗೆ ಸೂಜಿ ಹಾಕಿದ್ದರು. ಆ ವಾರ ಜಿಲ್ಲೆಯ ಕಚೇರಿಯವರು ದಾಖಲೆ ಓದಿದಾಗ ಖಾಲಿ ಜಾಗ ಕಂಡಿತು. ಸೀಸೆಯ ಮೇಲೊಂದು ಚೌಕವಿರುತ್ತದೆ, ಔಷಧ ಬಿಸಿಯಾದರೆ ಅದರ ಬಣ್ಣ ಕಪ್ಪಾಗುತ್ತದೆ. ಅದು ಕಪ್ಪಾಗಿರಲಿಲ್ಲ. ಆದರೆ ಔಷಧ ಹೆಪ್ಪುಗಟ್ಟಿತ್ತೇ ಎಂಬುದನ್ನು ಆ ಚೌಕ ಹೇಳಲಾರದು. ಕೆಲವು ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಸತ್ವ ಕಳೆದುಕೊಳ್ಳುತ್ತವೆ. ಅದನ್ನು ಹೇಳಬೇಕಾಗಿದ್ದದ್ದು ನಮ್ಮ ಯಂತ್ರ. ಐಸಿಗೆ ತಾಗಿಸಿ ಔಷಧ ಕೆಡಿಸಿದ್ದಾಳೆ, ಅದು ಗೊತ್ತಾಗಬಾರದೆಂದು ಬ್ಯಾಟರಿ ತೆಗೆದಿದ್ದಾಳೆ ಎಂಬುದು ಮೇಲಿನವರ ತೀರ್ಮಾನ. ಉಳಿದ ಸೀಸೆಗಳನ್ನು ನಾಶಮಾಡಿದರು. ಹನ್ನೊಂದು ಕೂಸುಗಳಿಗೂ ಮತ್ತೊಮ್ಮೆ ಸೂಜಿ ಹಾಕಬೇಕೆಂದು ಆದೇಶವಾಯಿತು. ಏಳು ತಾಯಂದಿರು ಬಂದರು. ನಾಲ್ವರು ಬಾಗಿಲು ತೆಗೆಯಲಿಲ್ಲ.

"ಆ ಸಣ್ಣ ಸ್ಕ್ರೂ ಬಿಚ್ಚೋ ಸಾಮಾನರೆ ನನ್ನ ಬಲ್ಲಿ ಎಲ್ಲಿಂದ ಬರಬೇಕ್ರಿ?" ಎಂದರು ನರ್ಸ್. ದನಿಯಲ್ಲಿ ಸಿಟ್ಟಿಗಿಂತ ಆಯಾಸವಿತ್ತು. "ಸೀಸೆ ಐಸಿಗಿ ತಾಗಬಾರದಂತ ನಡಬರಕ ಇಟ್ಟೆ. ಬದಿಗಿ ಜಾಗಾ ಇದ್ದಿದ್ದಿಲ್ಲ. ಮಷಿನ್ ಒಂದ ಐಸಿಗಿ ಆನಿಸಿ ಇಟ್ಟಿದ್ದೆ. ಔಷಧದ ಸಂಗಾಟ ಇರಬೇಕಂತ ನೀವ ಹೇಳಿದ್ರಲ್ಲ."

ಐಸಿಗೆ ಆನಿಸಿ ಎಂಬ ಮಾತು ಕೇಳಿದೊಡನೆ ನನಗೆ ಹಿರಿಯ ಎಂಜಿನಿಯರ್ ಹೇಳಿದ್ದು ಅರ್ಥವಾಯಿತು. ಬ್ಯಾಟರಿ ತಣ್ಣಗಾದಷ್ಟೂ ಅದರೊಳಗಿನ ತಡೆ ಹೆಚ್ಚುತ್ತದೆ. ಸುಮ್ಮನಿದ್ದಾಗ ಮೂರು ವೋಲ್ಟ್ ತೋರಿಸುವ ಬ್ಯಾಟರಿ, ಒಮ್ಮೆಲೇ ಎಳೆದರೆ ಕುಸಿಯುತ್ತದೆ. ಒಂದು ಮಿತಿಗಿಂತ ಕೆಳಗೆ ಕುಸಿದರೆ ಚಿಪ್ ತನ್ನನ್ನು ತಾನೇ ಆರಿಸಿಕೊಂಡು ಹೊಸದಾಗಿ ಶುರುವಾಗುತ್ತದೆ. ಗಡಿಯಾರ ಮೊದಲಿಗೆ ಮರಳುತ್ತದೆ, ಇನ್ನೂ ಬರೆಯದ ಅಳತೆಗಳು ಹೋಗುತ್ತವೆ. ಮುಂದಿನ ಗಂಟೆ ಮತ್ತೆ ಬರೆಯಲು ಹೋದಾಗ ಮತ್ತೆ ಅದೇ. ಹೊರಗಿನಿಂದ ನೋಡಿದವರಿಗೆ ಯಾರೋ ಬ್ಯಾಟರಿ ತೆಗೆದಂತೆಯೇ ಕಾಣುತ್ತದೆ.

ನರ್ಸಿಗೆ ಆಗಲೇ ಏನೂ ಹೇಳಲಿಲ್ಲ. ಇದು ನನ್ನ ಊಹೆ, ಕಣ್ಣಾರೆ ಕಾಣುವವರೆಗೆ ಇನ್ನೊಂದು ಸಾಲು ಬರೆಯುವ ಧೈರ್ಯ ನನಗಿರಲಿಲ್ಲ. ನೋಡಿ ಹೇಳುತ್ತೇನೆ ಎಂದಷ್ಟೇ ಹೇಳಿ ಹೊರಟೆ.

ಹೈದರಾಬಾದಿಗೆ ಹೋಗಿ ಬರುವಷ್ಟು ತಾಳ್ಮೆಯಿರಲಿಲ್ಲ. ಚೀಲದಲ್ಲಿ ಅದೇ ಮಾದರಿಯ ಎರಡು ಯಂತ್ರಗಳೂ, ಕೈಯಲ್ಲಿ ಹಿಡಿಯುವಂಥ ಸಣ್ಣ ಆಸಿಲೋಸ್ಕೋಪೂ ಇದ್ದವು. ವೋಲ್ಟೇಜಿನ ಏರಿಳಿತವನ್ನು ಅದು ಗೆರೆಯಾಗಿ ತೋರಿಸುತ್ತದೆ. ಬೇಕಾಗಿದ್ದದ್ದು ತಂಪು. ಶಹಾಪುರದ ಬಸ್ ನಿಲ್ದಾಣದ ಹತ್ತಿರ ತಂಪು ಪಾನೀಯದ ಅಂಗಡಿಯೊಂದಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡ ಅಂಗಡಿಯ ಯಜಮಾನರು ನಮ್ಮ ಸೋದರಮಾವನಿಗೆ ಪರಿಚಯ. ಫ್ರಿಜ್ಜಿನ ಕೆಳಗಿನ ಸಾಲನ್ನು ಎರಡು ದಿನ ಬಿಟ್ಟುಕೊಡಿ ಎಂದು ಕೇಳಿದಾಗ, ಯಾಕೆ ಎಂದೂ ಕೇಳದೆ ಬಾಟಲಿಗಳನ್ನು ಎತ್ತಿಟ್ಟರು.

ಒಂದು ಯಂತ್ರಕ್ಕೆ, ಹಳ್ಳಿಯದರಂತೆಯೇ ಎರಡು ತಿಂಗಳು ಬಳಸಿದ ಬ್ಯಾಟರಿ ಹಾಕಿ, ಗಂಟೆಗೊಮ್ಮೆಯ ಬದಲು ನಿಮಿಷಕ್ಕೊಮ್ಮೆ ಬರೆಯುವಂತೆ ಮಾಡಿ, ಫ್ರಿಜ್ಜಿನೊಳಗಿಟ್ಟೆ. ತಂತಿಗಳನ್ನು ಬಾಗಿಲಿನ ರಬ್ಬರಿನ ಸಂದಿಯಿಂದ ಹೊರಗೆಳೆದು ಹಣದ ಗಲ್ಲಾಪೆಟ್ಟಿಗೆಯ ಪಕ್ಕ ಕೂತೆ. ಮೊದಲ ದಿನವಿಡೀ ಏನೂ ಆಗಲಿಲ್ಲ. ಪ್ರತಿ ನಿಮಿಷ ಗೆರೆ ಸ್ವಲ್ಪ ಕೆಳಗಿಳಿದು ಮೇಲೇರುತ್ತಿತ್ತು. ಹೊರಗೆ ಬಸ್ಸಿಗೆ ಕಾಯುವ ಜನ, ಒಳಗೆ ಸೋಡಾ ಕೇಳುವ ಜನ, ನಡುವೆ ನಾನು ಪರದೆಯ ಮೇಲಿನ ಗೆರೆ ಬೀಳಲಿ ಎಂದು ಕಾಯುತ್ತಾ. ಸಂಜೆ ನನ್ನೊಳಗೆ ಬೇರೊಂದು ಯೋಚನೆಯೂ ಸುಳಿಯಿತು. ಗೆರೆ ಬೀಳದಿದ್ದರೆ ಸರ್ಕಿಟ್ಟು ಸರಿಯಿದೆ ಎಂದಾಗುತ್ತದೆ, ಆ ಹೆಂಗಸು ನಿಜಕ್ಕೂ ಬ್ಯಾಟರಿ ತೆಗೆದಿದ್ದಾರೆ ಎಂದಾಗುತ್ತದೆ. ಒಂದು ಗಳಿಗೆ ಹಾಗೇ ಆಗಲಿ ಎನ್ನಿಸಿತು. ಅದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

ಎರಡನೆಯ ದಿನ ಅಂಗಡಿಯವರ ಫ್ರೀಜರಿನಿಂದ ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರಿನ ಬಾಟಲಿ ತೆಗೆದುಕೊಂಡು, ಹೊರಮೈ ಬೆವರಿದ ಮೇಲೆ ನರ್ಸ್ ಇಟ್ಟಂತೆಯೇ ಯಂತ್ರವನ್ನು ಅದಕ್ಕೆ ಆನಿಸಿಟ್ಟೆ. ಒಂದು ತಾಸಿನ ತನಕ ಬರೆಯಿತು. ಬ್ಯಾಟರಿಯ ಮೈಯೆಲ್ಲ ತಣಿಯಲು ಅಷ್ಟು ಹೊತ್ತು ಬೇಕಾಯಿತೇನೋ. ಆಮೇಲೆ ಪಂಪು ಶುರುವಾಗುವ ಕ್ಷಣದಲ್ಲಿ ಗೆರೆ ಕಡಿದುಬಿದ್ದಂತೆ ನೇರ ಕೆಳಗಿಳಿಯಿತು. ಯಂತ್ರ ಆರಿತು. ಸ್ವಲ್ಪ ಹೊತ್ತಿಗೆ ಗೆರೆ ಮತ್ತೆ ಮೇಲೆ ಬಂತು, ಮೂರು ವೋಲ್ಟಿಗೆ ಹತ್ತಿರ, ಏನೂ ಆಗಿಲ್ಲವೆಂಬಂತೆ. ಮುಂದಿನ ಸಲ ಮತ್ತೆ ಬಿತ್ತು. ಮಧ್ಯಾಹ್ನದವರೆಗೆ ಅದು ಬೀಳುತ್ತಲೇ ಇತ್ತು.

ಅಂಗಡಿಯವರು ಬಂದು ಬಾಗಿಲಿನ ಸಂದಿ ನೋಡಿದರು. "ವೈರ್ ಅಡ್ಡ ಬಂದು ಬಾಗಲಾ ಪೂರಾ ಮುಚ್ಚಂಗಿಲ್ರಿ ಬಾಯಾರ. ಸೋಡಾ ಬೆಚ್ಚಗಾದ್ರ ಗಿರಾಕಿ ನನಗ ಬೈತಾರ, ನಿಮಗಲ್ಲ."

ಅವರು ಸಹಜವಾಗಿ ಹೇಳಿದ ಮಾತು. ನಾನು ತಂತಿ ಕಿತ್ತು ಬಾಗಿಲು ಮುಚ್ಚಿದೆ. ಅಳತೆಗಳು ಸಾಕಾಗುವಷ್ಟಾಗಿದ್ದವು.

ಹೈದರಾಬಾದಿನಲ್ಲಿ ಎಲ್ಲವನ್ನೂ ಕಂಪನಿಯ ಮುಖ್ಯಸ್ಥರ ಮುಂದಿಟ್ಟೆ. ಅವರು ಕೆಟ್ಟವರಲ್ಲ. ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಮೊದಲು ದೋಷ ಸರಿಪಡಿಸೋಣ, ಪರಿಹಾರ ಕೈಯಲ್ಲಿ ಹಿಡಿದುಕೊಂಡೇ ಪತ್ರ ಬರೆಯೋಣ, ಬರಿಗೈಯಲ್ಲಿ ತಪ್ಪೊಪ್ಪಿಕೊಂಡರೆ ಯಂತ್ರದ ಕಂಪನಿ ನಮ್ಮನ್ನು ಬಿಟ್ಟುಹೋಗುತ್ತದೆ, ಏಳು ಜನರ ಕೆಲಸ ಹೋಗುತ್ತದೆ ಎಂದರು. ಎರಡು ವಾರ ಸಾಕೆಂದರು. ನಾನು ಒಪ್ಪಿದೆ. ಆ ಎರಡು ವಾರಗಳೂ ನೋಟಿಸಿನಲ್ಲಿ ನನ್ನ ಸಾಲು ಹಾಗೇ ಇರುತ್ತದೆಂದು ಗೊತ್ತಿದ್ದೇ ಒಪ್ಪಿದೆ.

ಹಿರಿಯ ಎಂಜಿನಿಯರ್ 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಈಗಾಗಲೇ ಊರೂರುಗಳಲ್ಲಿರುವ ಚಿಪ್ಪುಗಳಿಗೆ ಏನು ಮಾಡಬಹುದು ಎಂದು ಮೊದಲು ನೋಡಿದೆವು. ಪಂಪಿನ ಓಟವನ್ನು ಹೊರಗಿನಿಂದಲೇ ತಗ್ಗಿಸಲು ಒಂದು ಅನುಕೂಲವಿತ್ತು. ಓಟ ಅರ್ಧ ಮಾಡಿದೆವು. ಗೆರೆ ಬೀಳುವುದು ನಿಂತಿತು, ಯಂತ್ರ ಆರಲಿಲ್ಲ. ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅವರು ಬರೆದದ್ದನ್ನು ಓದಿಸಿದರು. ಕೆಲವು ಅಳತೆಗಳು ಸುಳ್ಳಾಗಿದ್ದವು. ಓಟ ತಗ್ಗಿದ ಪಂಪು ಮೂವತ್ತೆರಡು ಕೋಶಗಳ ಭಾರಕ್ಕೆ ಹತ್ತು ವೋಲ್ಟು ಮುಟ್ಟುತ್ತಿರಲಿಲ್ಲ, ಕೋಶಗಳು ಅರ್ಧ ತುಂಬಿ ಉಳಿಯುತ್ತಿದ್ದವು, ನಾಲ್ಕು ಡಿಗ್ರಿ ಇದ್ದದ್ದು ಓದುವಾಗ ಬೇರೇನೋ ಆಗುತ್ತಿತ್ತು. ಖಾಲಿ ಜಾಗಕ್ಕಿಂತ ಇದು ಕೆಟ್ಟದ್ದು. ಖಾಲಿ ಜಾಗ ಒಬ್ಬ ನರ್ಸಿನ ಮೇಲೆ ಅನುಮಾನ ತಂದಿತು, ಸುಳ್ಳು ಅಳತೆ ಇನ್ನೆಷ್ಟು ಸೀಸೆಗಳನ್ನು ಒಳ್ಳೆಯವೆಂದು ತೋರಿಸುತ್ತಿತ್ತೋ. ಆ ದಾರಿ ಬಿಟ್ಟೆವು.

ಸರ್ಕಿಟ್ಟನ್ನೇ ಬದಲಿಸಬೇಕಿತ್ತು. ಎಂಟೆಂಟು ಕೋಶಗಳಿಗೆ ಬರೆಯುವಂತೆ ಮಾಡಿದೆವು. ಕ್ಷಣದ ಎಳೆತ ಕಡಿಮೆಯಾಯಿತು, ಆದರೆ ಪಂಪು ನಾಲ್ಕು ಪಟ್ಟು ಹೊತ್ತು ಓಡಬೇಕು, ಎರಡು ವರ್ಷದ ಬ್ಯಾಟರಿ ಇಪ್ಪತ್ತೊಂದು ತಿಂಗಳಿಗೆ ಇಳಿಯಿತು. ಅಷ್ಟಾದರೂ ಮುದಿ ಬ್ಯಾಟರಿಯನ್ನು ಐಸಿಗೆ ಆನಿಸಿದರೆ ಅಪರೂಪಕ್ಕೊಮ್ಮೆ ಗೆರೆ ಬೀಳುತ್ತಲೇ ಇತ್ತು. ಎರಡೆರಡೇ ಕೋಶ ಎಂದರೆ ಬೀಳುವುದಿಲ್ಲ, ಆದರೆ ಬ್ಯಾಟರಿ ವರ್ಷವೂ ಬರುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಹರಿಯುತ್ತಿತ್ತು. ಎರಡು ವಾರ ಮೂರಾಯಿತು. ಪತ್ರ ಹೋಗಿರಲಿಲ್ಲ.

ಮೂರನೆಯ ವಾರದ ಕೊನೆಗೆ ಹಿರಿಯರು ಒಂದು ಉಪಾಯ ತಂದರು. ಎಂಟರಿಂದ ಶುರುಮಾಡುವುದು, ಆಗಲೇ ಚಿಪ್ಪಿನಲ್ಲಿರುವ ವೋಲ್ಟೇಜು ನೋಡುವ ಭಾಗವನ್ನು ಪಂಪಿಗೆ ಜೋಡಿಸಿ, ಬ್ಯಾಟರಿ ಕುಸಿಯತೊಡಗಿದ ಕೂಡಲೇ ಎರಡಕ್ಕೆ ಇಳಿಯುವುದು. ಬ್ಯಾಟರಿ ಗಟ್ಟಿಯಿದ್ದಾಗ ವೇಗ, ಸೋತಾಗ ನಿಧಾನ. ಚಿಪ್ಪಿನ ಮೇಲಿನ ಲೋಹದ ಪದರಗಳನ್ನಷ್ಟೇ ಬದಲಿಸಿದರೆ ಸಾಕಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ನಿಂತಿತು.

ಅದೇ ದಿನ ನರ್ಸಿಗೆ ಫೋನ್ ಮಾಡಿದೆ. ಅವರನ್ನು ಗುರುಮಠಕಲ್ ಕಡೆಯ ಒಂದು ಉಪಕೇಂದ್ರಕ್ಕೆ ವರ್ಗ ಮಾಡಿ ನಾಲ್ಕು ದಿನಗಳಾಗಿದ್ದವು. ಅಲ್ಲಿ ಬಹಳ ಜನ ತೆಲುಗು ಮಾತಾಡುತ್ತಾರೆ, ತನಗೆ ಬರುವುದಿಲ್ಲ, ಕಲಿಯುತ್ತಿದ್ದೇನೆ ಎಂದರು. ನಾನು ಕೇಳುವ ಮೊದಲೇ ಊಟವಾಯಿತೇ ಎಂದು ಅವರೇ ಕೇಳಿದರು.

ಫೋನ್ ಇಟ್ಟು ಮುಖ್ಯಸ್ಥರ ಕೋಣೆಗೆ ಹೋದೆ. ಪತ್ರ ಇವತ್ತೇ ಹೋಗಬೇಕು, ನೀವು ಕಳಿಸದಿದ್ದರೆ ನನ್ನ ಹೆಸರಿನಲ್ಲಿ ನಾನೇ ಕಳಿಸುತ್ತೇನೆ ಎಂದೆ. ಅವರು ವಾದಿಸಲಿಲ್ಲ. ಯಂತ್ರದ ಕಂಪನಿಗೂ ಜಿಲ್ಲೆಯ ಕಚೇರಿಗೂ ಒಂದೇ ಪತ್ರ ಹೋಯಿತು. ಖಾಲಿ ಜಾಗ ನಮ್ಮ ಸರ್ಕಿಟ್ಟಿನ ದೋಷದಿಂದ ಆಗುತ್ತದೆ, ನನ್ನ ಹಿಂದಿನ ಉತ್ತರ ಪರೀಕ್ಷೆ ಮಾಡದೆ ಬರೆದದ್ದು, ನರ್ಸ್ ಯಂತ್ರವನ್ನು ಇಟ್ಟ ರೀತಿ ನಾವು ಹೇಳಿಕೊಟ್ಟಂತೆಯೇ ಇತ್ತು ಎಂದು ಬರೆದೆ. ಸೀಸೆಗಳು ಹೆಪ್ಪುಗಟ್ಟಿರಲಿಲ್ಲ ಎಂದು ಬರೆಯಲಾಗಲಿಲ್ಲ. ಅದು ನನಗೆ ಗೊತ್ತಿಲ್ಲ. ಯಾರಿಗೂ ಇನ್ನು ಗೊತ್ತಾಗುವುದಿಲ್ಲ.

ಆಮೇಲೆ ಇನ್ನೊಂದು ವಿಷಯ ನನ್ನನ್ನು ಬಿಡಲಿಲ್ಲ. ಹೊಸ ಸರ್ಕಿಟ್ಟೂ ಎಲ್ಲೋ ಒಮ್ಮೆ ಸೋಲಬಹುದು. ಸೋತಾಗ ದಾಖಲೆ ಮತ್ತೆ ಯಾರೋ ಬ್ಯಾಟರಿ ತೆಗೆದಂತೆಯೇ ಕಾಣುತ್ತದೆ. ಮತ್ತೆ ಯಾರೋ ನನ್ನಂಥವರು ಹತ್ತು ನಿಮಿಷ ನೋಡಿ ಒಂದು ಸಾಲು ಬರೆಯುತ್ತಾರೆ. ಅದಕ್ಕೆ ಒಂದು ಬದಲಾವಣೆ ಸೂಚಿಸಿದೆ. ಪ್ರತಿ ಸಲ ಬರೆಯುವ ಮೊದಲು ಒಂದೇ ಒಂದು ಕೋಶದಲ್ಲಿ 'ಶುರು' ಎಂಬ ಗುರುತು, ಬರೆದು ಮುಗಿದ ಮೇಲೆ ಇನ್ನೊಂದರಲ್ಲಿ 'ಮುಗಿಯಿತು' ಎಂಬ ಗುರುತು. ಶುರುವಿನ ಗುರುತಿದ್ದು ಮುಗಿದದ್ದರ ಗುರುತಿಲ್ಲದಿದ್ದರೆ ಯಂತ್ರವೇ ಬರೆಯುತ್ತಾ ಸೋತಿದೆ ಎಂದರ್ಥ. ಒಂದು ಕೋಶಕ್ಕೆ ಬೇಕಾಗುವ ಎಳೆತವನ್ನು ಎಂಥ ಬ್ಯಾಟರಿಯೂ ತಾಳುತ್ತದೆ.

ಈ ಸಲ ಹಿರಿಯರಿಗೇ ಒಪ್ಪಿಗೆಯಾಗಲಿಲ್ಲ. ಪಂಪನ್ನು ಪ್ರತಿ ಸಲ ಮೂರು ಬಾರಿ ಏರಿಸಬೇಕು, ವೇಗವೂ ಹೋಗುತ್ತದೆ ಬ್ಯಾಟರಿಯೂ ಹೋಗುತ್ತದೆ, ಇಷ್ಟು ದಿನ ಎರಡನ್ನೂ ಉಳಿಸಲು ಒದ್ದಾಡಿದ್ದು ಯಾಕೆ ಎಂದರು. ಅವರ ಮಾತು ನಿಜ. ಲೆಕ್ಕ ಹಾಕಿದರೆ ಬ್ಯಾಟರಿ ಹದಿನೆಂಟು ತಿಂಗಳಿಗೆ ಬಂತು. ಯಂತ್ರದ ಕಂಪನಿಯವರು ಪತ್ರದಿಂದಲೇ ಕಂಗೆಟ್ಟಿದ್ದರು, ಇದನ್ನು ಕೇಳಿ ಗುರುತು ಬೇಡವೇ ಬೇಡ ಎಂದರು. ಗುರುತಿಲ್ಲದ ಚಿಪ್ಪಿನ ಮಾಹಿತಿ ಹಾಳೆಗೆ ನಾನು ಸಹಿ ಹಾಕುವುದಿಲ್ಲ ಎಂದೆ. ಸಹಿಯಿಲ್ಲದೆ ಚಿಪ್ ಹೊರಗೆ ಹೋಗುವಂತಿರಲಿಲ್ಲ. ಎಂಟು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂಬತ್ತನೆಯ ದಿನ ಹಿರಿಯರು ಬಂದು, ಗುರುತನ್ನು ಎಲ್ಲಿ ಹಾಕಿದರೆ ಪಂಪನ್ನು ಎರಡೇ ಬಾರಿ ಏರಿಸಿದರೆ ಸಾಕಾಗುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಹತ್ತೊಂಬತ್ತು ತಿಂಗಳು. ಅದಕ್ಕೆ ಎಲ್ಲರೂ ಒಪ್ಪಿದರು, ಯಾರಿಗೂ ಖುಷಿಯಾಗಲಿಲ್ಲ.

ಹೊಸ ಚಿಪ್ಪುಗಳು ತಯಾರಾಗಿ ಬರುವ ಹೊತ್ತಿಗೆ ಚಳಿಗಾಲ. ಯಂತ್ರಗಳನ್ನು ಬದಲಿಸಲು ಮತ್ತೆ ಯಾದಗಿರಿಗೆ ಹೋದೆ. ಮೊದಲು ಹೋದದ್ದು ಗುರುಮಠಕಲ್ ಕಡೆಗೆ, ನರ್ಸನ್ನು ಕಾಣಲು. ನೋಟಿಸ್ ವಾಪಸ್ ತೆಗೆದುಕೊಂಡಿದ್ದರು, ವರ್ಗ ಮಾತ್ರ ಹಾಗೇ ಇತ್ತು. ನಾನು ಹೇಳಬೇಕೆಂದು ಇಟ್ಟುಕೊಂಡಿದ್ದ 'ತಪ್ಪಾಯಿತು' ಎಂಬ ಮಾತನ್ನು ಹೇಳಿದೆ. ಅವರು ತಲೆಯಾಡಿಸಿ ಕೇಳಿಸಿಕೊಂಡರು.

"ನಿಮ್ಮ ಪತ್ರ ಸಾಹೇಬ್ರು ಓದ್ಯಾರ್ರಿ" ಎಂದರು. "ಆ ಊರಾಗ ಯಾರ ಓದ್ಯಾರ? ಅಲ್ಲಿ ಇನ್ನೂ ನಾ ಕೂಸುಗೋಳಿಗಿ ಕೆಟ್ಟ ಔಷಧ ಹಾಕಿದಾಕಿನೇ."

ನೀವೂ ಬನ್ನಿ, ಇಬ್ಬರೂ ಹೋಗೋಣ ಎಂದೆ. ಅವರು ಒಪ್ಪಲಿಲ್ಲ. ಅಲ್ಲಿಗೆ ತಾನು ಬರಬೇಕಾದದ್ದೇನೂ ಇಲ್ಲ, ಹೋಗಬೇಕಾದವರು ನೀವು ಎಂದರು.

ಎರಡು ದಿನ ಬಿಟ್ಟು ಆ ಹಳ್ಳಿಯ ಲಸಿಕೆಯ ದಿನ ಅಂಗನವಾಡಿಗೆ ಹೋದೆ. ಹೊಸ ನರ್ಸ್ ಚಿಕ್ಕ ವಯಸ್ಸಿನವಳು, ಪೆಟ್ಟಿಗೆ ತೆರೆದುಕೊಂಡು ಕಾಯುತ್ತಿದ್ದಳು. ಆರು ಜನ ತಾಯಂದಿರು ಬಂದಿದ್ದರು, ಅದರಲ್ಲಿ ಒಬ್ಬಳು ಮಾತ್ರ ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಬಾಗಿಲು ತೆಗೆಯದಿದ್ದ ನಾಲ್ವರಲ್ಲಿ ಅವಳೂ ಒಬ್ಬಳೆಂದು ಅಂಗನವಾಡಿ ಕಾರ್ಯಕರ್ತೆ ಮೆಲ್ಲಗೆ ಹೇಳಿದಳು. ಕೂಸು ಆಗಲೇ ವರ್ಷಕ್ಕೆ ಹತ್ತಿರವಾಗಿತ್ತು.

ಚಾರ್ಜ್ ಪಂಪು, ಕೋಶ ಯಾವುದನ್ನೂ ಹೇಳಲಿಲ್ಲ. ಬೆಂಕಿಪೊಟ್ಟಣದಂಥ ಯಂತ್ರವನ್ನು ಕೈಯಲ್ಲಿ ಹಿಡಿದು, ಇದನ್ನು ಮಾಡಿದವರಲ್ಲಿ ನಾನೊಬ್ಬಳು, ಐಸಿನ ತಂಪಿಗೆ ಇದು ಕೆಟ್ಟಿತ್ತು, ನಿಮ್ಮ ಅಕ್ಕಾರು ಇದನ್ನು ಮುಟ್ಟಿರಲಿಲ್ಲ, ಅವರ ಮೇಲೆ ತಪ್ಪು ಬರುವಂತೆ ಬರೆದವಳು ನಾನೇ ಎಂದೆ. ಬಾಗಿಲಲ್ಲಿದ್ದವಳು ಕೇಳಿದಳು.

"ಮತ್ತ ಈಗಿಂದು ಕೆಡಂಗಿಲ್ಲೇನ್ರಿ?"

"ಕೆಡಬಹುದವ್ವ. ಕೆಟ್ಟಿದ್ರ ಕೆಟ್ಟೀನಿ ಅಂತ ಅದೇ ಬರದಿಡತದ. ಮಂದಿ ಮ್ಯಾಲ ಹಾಕಂಗಿಲ್ಲ."

ಅವಳು ಯಂತ್ರದ ಕಡೆ ನೋಡಲೇ ಇಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಅಕ್ಕಾರ ನಂಬರ್ ಅದ ಏನ್ರಿ ನಿಮ್ಮ ಬಲ್ಲಿ?" ಎಂದಳು.

ನಂಬರು ಹಚ್ಚಿ ಫೋನ್ ಅವಳ ಕೈಗೆ ಕೊಟ್ಟೆ. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಅಂಗಳಕ್ಕಿಳಿದಳು. "ಅಕ್ಕಾರ, ನಾನ್ರಿ" ಎಂದದ್ದು ಕೇಳಿತು, ಆಮೇಲೆ ನಮ್ಮ ಕಡೆ ಬೆನ್ನು ತಿರುಗಿಸಿದ್ದರಿಂದ ಮಾತು ಕೇಳಿಸಲಿಲ್ಲ. ಬಹಳ ಹೊತ್ತು ಮಾತಾಡಿದಳು. ನಡುವೆ ಒಮ್ಮೆ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೊಸ ನರ್ಸ್ ಉಳಿದ ಕೂಸುಗಳ ಹೆಸರು ಬರೆದುಕೊಳ್ಳುತ್ತಿದ್ದಳು.

ಅವಳು ತಿರುಗಿ ಬಂದು ಫೋನನ್ನು ನನ್ನ ಕೈಗಿಟ್ಟು, ಹೊಸ ನರ್ಸಿನ ಮುಂದೆ ಚಾಪೆಯ ಮೇಲೆ ಕೂತು, ಕೂಸಿನ ತೊಡೆಯ ಮೇಲಿನ ಬಟ್ಟೆ ಸರಿಸಿದಳು.